ಸುಂಟರಗಾಳಿ ವಲಯದ ಆಚೆಗಿನ ಕೌಂಟಿಗೆ ಅಪಾಯವೆಷ್ಟು? ಲೆಕ್ಕ ಹಾಕುವ ಬಗೆ

ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 1,200ರಷ್ಟು ಸುಂಟರಗಾಳಿಗಳು ದಾಖಲಾಗುತ್ತವೆ. ‘ಟಾರ್ನೆಡೊ ಅಲಿ’ (ಸುಂಟರಗಾಳಿ ವಲಯ) ಎಂದೊಡನೆ ನೆನಪಾಗುವುದು ಟೆಕ್ಸಸ್, ಒಕ್ಲಹೋಮ, ಕಾನ್ಸಸ್, ನೆಬ್ರಾಸ್ಕಾ. ಆದರೆ 1953ರ ಜೂನ್ 9ರಂದು 94 ಜನರನ್ನು ಬಲಿ ಪಡೆದ ಸುಂಟರಗಾಳಿ ಬೀಸಿದ್ದು ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ. ವಲಯದ ನಕ್ಷೆ ನೋಡಿ ನಿಶ್ಚಿಂತರಾಗುವ ಬದಲು ನಿಮ್ಮ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಲೆಕ್ಕವನ್ನು ನೀವೇ ಮಾಡಿ.

ಮೊದಲು ಅಮೆರಿಕದ ಹವಾಮಾನ ಮತ್ತು ಸಾಗರ ಸಂಸ್ಥೆ ನೋವಾದ ‘ಸ್ಟಾರ್ಮ್ ಈವೆಂಟ್ಸ್’ ದತ್ತಾಂಶದಿಂದ ಕೌಂಟಿಯ ದಾಖಲೆ ಇಳಿಸಿಕೊಳ್ಳಿ. ಅದು 1950ರಿಂದ ಲಭ್ಯ. ಆದರೂ ಒಟ್ಟು ಎಣಿಕೆಗೆ 1995ರಿಂದೀಚಿನ ವರ್ಷಗಳನ್ನಷ್ಟೇ ಬಳಸಿ. ಗಾಳಿಯ ವೇಗವನ್ನೂ ಗುರುತಿಸುವ ಡಾಪ್ಲರ್ ರಾಡಾರ್ ಜಾಲ ಬರುವ ಮುನ್ನ ದುರ್ಬಲ ಸುಂಟರಗಾಳಿಗಳು ಎಷ್ಟೋ ಯಾರ ಕಣ್ಣಿಗೂ ಬೀಳದೆ ಹೋದವು. ಹಳೆಯ ದಶಕಗಳನ್ನು ಸೇರಿಸಿದರೆ ಸರಾಸರಿ ಸುಳ್ಳಾಗಿ ಇಳಿಯುತ್ತದೆ.

600 ಚದರ ಮೈಲಿಯ ಒಂದು ಕೌಂಟಿಯಲ್ಲಿ 1995–2024ರ 30 ವರ್ಷಗಳಲ್ಲಿ 6 ಬೀಸಿವೆ ಎನ್ನೋಣ. ಅಂದರೆ ಐದು ವರ್ಷಕ್ಕೊಂದು. ಮುಂದಿನ 10 ವರ್ಷದಲ್ಲಿ ಒಂದಾದರೂ ಬೀಸುವ ಸಾಧ್ಯತೆ ಸುಮಾರು 86%. ಇದು ಕೌಂಟಿಯ ಮಾತು, ನಿಮ್ಮ ಮನೆಯದಲ್ಲ.

ಮನೆಯ ಲೆಕ್ಕಕ್ಕೆ ಸುಂಟರಗಾಳಿ ಸಾಗಿದ ಹಾದಿಯ ವಿಸ್ತೀರ್ಣ ಬೇಕು. ದಾಖಲೆಯಲ್ಲಿ ಉದ್ದ ಮೈಲಿಯಲ್ಲಿ, ಅಗಲ ಗಜದಲ್ಲಿ ಇರುತ್ತದೆ. ಇಲ್ಲೇ ಹೆಚ್ಚಿನವರು ಎಡವುವುದು. ಅಗಲವನ್ನು 1,760ರಿಂದ ಭಾಗಿಸಿ, ನಂತರ ಉದ್ದದಿಂದ ಗುಣಿಸಿ. 2 ಮೈಲಿ ಉದ್ದ, 100 ಗಜ ಅಗಲದ ಹಾದಿಗೆ 0.114 ಚದರ ಮೈಲಿ, ಆರಕ್ಕೆ 0.68. ಅದನ್ನು 600ರಿಂದ, ಮತ್ತೆ 30ರಿಂದ ಭಾಗಿಸಿದರೆ ನಿಮ್ಮ ಮನೆಗೆ ತಾಗುವ ಸಾಧ್ಯತೆ ವರ್ಷಕ್ಕೆ ಸುಮಾರು 26,000ದಲ್ಲಿ ಒಂದು. 1995ರ ಸುಮಾರಿಗೆ ಸರಾಸರಿ ಅಗಲದ ಬದಲು ಗರಿಷ್ಠ ಅಗಲ ಬರೆಯುವ ಪದ್ಧತಿ ಬಂತು, ಹಾಗಾಗಿ ಈ ಅಂಕಿ ತುಸು ಹೆಚ್ಚೇ ಇರುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಅಪರೂಪದ ದೊಡ್ಡ ಸುಂಟರಗಾಳಿ ಒಂದೇ ಕೌಂಟಿಯ 30 ವರ್ಷದ ದಾಖಲೆಯಲ್ಲಿ ಸಿಗುವುದು ಕಷ್ಟ. 50 ಮೈಲಿ ತ್ರಿಜ್ಯದ ವೃತ್ತ ಎಳೆಯಿರಿ (ಸುಮಾರು 7,850 ಚದರ ಮೈಲಿ), ಅದರೊಳಗಿನ ತೀವ್ರ ಸುಂಟರಗಾಳಿಗಳನ್ನು 1950ರಿಂದ ಹುಡುಕಿ. 48 ಮೈಲಿ ಉದ್ದ, ಸರಾಸರಿ ಅರ್ಧ ಮೈಲಿ ಅಗಲದ ಒಂದೇ ಒಂದು ಸಿಕ್ಕರೂ 75 ವರ್ಷಕ್ಕೆ ಹಂಚಿದಾಗ ವರ್ಷಕ್ಕೆ 24,500ರಲ್ಲಿ ಒಂದು. ಎರಡನ್ನೂ ಕೂಡಿದರೆ ಮನೆಯ ಅಪಾಯ ದುಪ್ಪಟ್ಟು! ಪಕ್ಕದ ಕೌಂಟಿಗಳನ್ನು ಸೇರಿಸುವಾಗ ಒಂದು ಎಚ್ಚರ: ಗಡಿ ದಾಟಿದ ಸುಂಟರಗಾಳಿ ಪ್ರತಿ ಕೌಂಟಿಯಲ್ಲೂ ಬೇರೆ ನಮೂದಾಗಿರುತ್ತದೆ. ಸಂಖ್ಯೆ ಎಣಿಸುವಾಗ ಅವನ್ನು ಒಂದಾಗಿಸಿ; ವಿಸ್ತೀರ್ಣಕ್ಕೆ ತುಂಡುಗಳಾಗಿಯೇ ಇರಲಿ.

ಕಾಡು, ಬೆಟ್ಟಗಳ ಕೌಂಟಿಯಲ್ಲಿ ಸೊನ್ನೆ ಕಂಡರೆ ನಂಬಬೇಡಿ. ಸುಂಟರಗಾಳಿಯ ತೀವ್ರತೆ ಸೂಚಿಸುವ ಇಎಫ್ ದರ್ಜೆ (0ಯಿಂದ 5) ನಿರ್ಧಾರವಾಗುವುದು ಹಾನಿ ನೋಡಿ. ಹಾನಿಯಾಗಲು ಏನೂ ಇಲ್ಲದ ಕಡೆ ದರ್ಜೆ ಕಡಿಮೆ ಬೀಳುತ್ತದೆ, ನೋಡುವವರಿಲ್ಲದಿದ್ದರೆ ದಾಖಲೆಯೇ ಇರುವುದಿಲ್ಲ. 1987ರ ಜುಲೈ 21ರಂದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಳಿಯ ಎತ್ತರದ ಪರ್ವತಗಳನ್ನೇ ದಾಟಿದ ಸುಂಟರಗಾಳಿಗೆ ಆಗಿನ ಎಫ್ ಮಾಪಕದಲ್ಲಿ ಎಫ್4 ದರ್ಜೆ ಸಿಕ್ಕಿದ್ದು ಉರುಳಿಬಿದ್ದ ಮರಗಳನ್ನು ಪರಿಶೀಲಿಸಿದ್ದರಿಂದ. ಅಂಥ ಕೌಂಟಿಗೆ, ಅದೇ ಹವಾಮಾನದ, ಜನವಸತಿ ಹೆಚ್ಚಿರುವ ಹತ್ತಿರದ ಕೌಂಟಿಯ ದರವನ್ನೇ ಹಿಡಿಯಿರಿ.