ಬ್ರಿಟಿಷ್ ನಾಣ್ಯ: ಟಂಕಸಾಲೆಯ ತಪ್ಪು ಯಾವುದು, ಬರೀ ಪೆಟ್ಟು ಯಾವುದು?

ಲಂಡನ್ನಿನಿಂದ ಬಂದ ನೆಂಟರು ಬಿಟ್ಟುಹೋದ ಚಿಲ್ಲರೆಯಲ್ಲಿ ‘ನ್ಯೂ ಪೆನ್ಸ್’ ಎಂದಿರುವ 2 ಪೆನ್ಸ್ ಸಿಕ್ಕರೆ ಸಾಕು, ಲಕ್ಷ ರೂಪಾಯಿಯ ಲೆಕ್ಕ ಶುರುವಾಗುತ್ತದೆ. 1971ರಿಂದ 1981ರವರೆಗಿನ 2 ಪೆನ್ಸ್‌ಗಳ ಮೇಲೆಲ್ಲ ಅದೇ ಬರಹವಿದೆ. 1982ರಲ್ಲಿ ಅದು ‘ಟೂ ಪೆನ್ಸ್’ ಆಯಿತು. ಬೆಲೆ ಇರುವುದು 1983ರ ಇಸವಿ ಇದ್ದೂ ‘ನ್ಯೂ ಪೆನ್ಸ್’ ಎಂದೇ ಉಳಿದ ನಾಣ್ಯಕ್ಕೆ. ಅದು ಹೊರಬಂದದ್ದು ಪ್ಯಾಕ್ ಮಾಡಿದ ಸೆಟ್‌ಗಳಲ್ಲಿ, ಚಿಲ್ಲರೆಯಲ್ಲಿ ಹುಡುಕುವುದು ದಂಡ.

ಬೇಕಾದದ್ದು ನಾಲ್ಕೇ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, 0.01 ಗ್ರಾಂವರೆಗೆ ತೂಗುವ ತಕ್ಕಡಿ, ಆಯಸ್ಕಾಂತ, ಮೇಜಿನ ದೀಪ. ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ಮೈಕ್ರೋಸ್ಕೋಪ್ ಬೇಡವೇ ಬೇಡ. ಇನ್ನೂರು ಪಟ್ಟು ಹಿಗ್ಗಿಸಿದರೆ ಪ್ರತಿ ನಾಣ್ಯದಲ್ಲೂ ಏನೋ ಒಂದು ತಪ್ಪು ಕಾಣುತ್ತದೆ.

ಮೊದಲು ಮುಖಬೆಲೆ, ಆಮೇಲೆ ಇಸವಿ ಪ್ರಕಾರ ವಿಂಗಡಿಸಿ.

ಎರಡನೆಯದು ತೂಕ. 1 ಪೆನ್ನಿ 3.56 ಗ್ರಾಂ, 2 ಪೆನ್ಸ್ 7.12, 20 ಪೆನ್ಸ್ 5, ಹಳೆಯ ದುಂಡು ಪೌಂಡ್ 9.5, ಎರಡು ಪೌಂಡ್ 12. ಸವೆದ ನಾಣ್ಯ ತುಸು ಹಗುರ ತೂಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತಕ್ಕಡಿಯೊಂದನ್ನೇ ನಂಬಲೂಬೇಡಿ. 1992ರಲ್ಲಿ 1 ಮತ್ತು 2 ಪೆನ್ಸ್‌ಗಳು ಕಂಚಿನಿಂದ ತಾಮ್ರಲೇಪಿತ ಉಕ್ಕಿಗೆ ಬದಲಾದಾಗ ತೂಕ ಅಷ್ಟೇ ಇರಲೆಂದು ದಪ್ಪ ಹೆಚ್ಚಿಸಿದರು. ಆಯಸ್ಕಾಂತಕ್ಕೆ ಅಂಟಿದರೆ ಉಕ್ಕು, ಇಲ್ಲದಿದ್ದರೆ ಕಂಚು. 1998ರ 2 ಪೆನ್ಸ್ ಎರಡೂ ಲೋಹದಲ್ಲಿ ಬಂದಿದೆ. ಸಂಗ್ರಹದಲ್ಲಿ ಒಂದೊಂದು ಇರಲಿ.

‘ಬೆಳ್ಳಿ ಬಣ್ಣದ 2 ಪೆನ್ಸ್’ ಎಂದು ಮಾರುವವರಿದ್ದಾರೆ. ಮೊದಲು ಯಾರೋ ಮನೆಯಲ್ಲೇ ಲೇಪ ಹಾಕಿರಬಹುದು ಎಂದುಕೊಂಡು ಅಂಚಿನ ಗೀರಿನೊಳಗೆ ತಾಮ್ರದ ಬಣ್ಣ ಇಣುಕುತ್ತದೆಯೇ ನೋಡಿ.

ಇಸವಿ ಇಲ್ಲದ 20 ಪೆನ್ಸ್ ಹಾಗಲ್ಲ, ಅದು ಟಂಕಸಾಲೆಯದೇ ತಪ್ಪು. 1982ರಿಂದ ಇಸವಿ ಇದ್ದದ್ದು ಗುಲಾಬಿಯ ಬದಿಯಲ್ಲಿ. 2008ರಲ್ಲಿ ಗುಲಾಬಿ ಹೋಗಿ ಮ್ಯಾಥ್ಯೂ ಡೆಂಟ್ ವಿನ್ಯಾಸದ ಗುರಾಣಿಯ ತುಣುಕು ಬಂತು, ಇಸವಿ ರಾಣಿಯ ಬದಿಗೆ ಹೋಯಿತು. ಆಗ ಹಳೆಯ ರಾಣಿಯ ಅಚ್ಚನ್ನೇ ಹೊಸ ಗುರಾಣಿಯ ಅಚ್ಚಿಗೆ ಜೋಡಿಸಿ ಹೊಡೆದದ್ದರಿಂದ ಕೆಲವು ನಾಣ್ಯಗಳ ಎರಡೂ ಬದಿಯಲ್ಲಿ ಇಸವಿಯಿಲ್ಲ. ಇಂಥ ಬೆರಕೆಗೆ ಸಂಗ್ರಾಹಕರು ‘ಮ್ಯೂಲ್’ ಎನ್ನುತ್ತಾರೆ. ಗುಲಾಬಿ ಕಂಡರೆ ಅಲ್ಲಿಗೇ ಬಿಡಿ: ಆ ನಾಣ್ಯದಲ್ಲಿ ರಾಣಿಯ ಬದಿ ಇಸವಿಯಿಲ್ಲದೆ ಇರುವುದೇ ಸರಿ.

ಎಲ್ಲರೂ ಎಡವುವುದು ಲೂಪ್ ಹಿಡಿದಾಗ. ದೀಪವನ್ನು ನೆತ್ತಿಯ ಮೇಲಿಡದೆ ಪಕ್ಕದಲ್ಲಿ, ತಗ್ಗಿನಲ್ಲಿಡಿ, ನೆರಳು ಬೀಳಬೇಕು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ. ಈಗ ಕೇಳಿಕೊಳ್ಳಬೇಕಾದದ್ದು ಒಂದೇ: ಗೆರೆ ಉಬ್ಬಿದೆಯೋ, ತಗ್ಗಿದೆಯೋ? ಅಚ್ಚು ಬಿರುಕು ಬಿಟ್ಟಿದ್ದರೆ ಲೋಹ ಆ ಬಿರುಕಿನೊಳಗೆ ಹೋಗಿ ನಾಣ್ಯದ ಮೇಲೆ ಉಬ್ಬು ಗೆರೆಯಾಗುತ್ತದೆ. ಆಮೇಲೆ ಬಿದ್ದ ಗೀರು ತಗ್ಗಾಗಿರುತ್ತದೆ, ಅದರ ಪಕ್ಕದಲ್ಲಿ ತಳ್ಳಿದ ಲೋಹ ಏರಿಯಂತೆ ನಿಂತಿರುತ್ತದೆ. ಅಕ್ಷರ ಮಾಯವಾಗಿದ್ದರೆ ಅಚ್ಚಿನ ಗುಳಿಯಲ್ಲಿ ಗ್ರೀಸ್ ತುಂಬಿದ್ದಿರಬಹುದು; ಸುತ್ತಲ ಮೈ ನಯವಾಗಿಯೇ ಉಳಿದಿರುತ್ತದೆ. ಯಾರಾದರೂ ಕೆರೆದಿದ್ದರೆ ಅರದ ಗುರುತು ಕಾಣುತ್ತದೆ.

ಜೋಡಿ ಅಕ್ಷರದಲ್ಲಿ ಮೋಸ ಇನ್ನೂ ಹೆಚ್ಚು. ಅಚ್ಚಿನಲ್ಲೇ ಎರಡು ಸಲ ಮೂಡಿದ್ದರೆ ಎರಡನೇ ಅಕ್ಷರವೂ ಮೊದಲಿನಂತೆ ದುಂಡಗೆ ಉಬ್ಬಿರುತ್ತದೆ, ಅಕ್ಷರ ಅಗಲವಾಗುತ್ತದೆ, ತುದಿಗಳಲ್ಲಿ ಸೀಳು ಕಾಣುತ್ತದೆ. ಹೊಡೆತದ ಹೊತ್ತಿಗೆ ಅಚ್ಚು ಅಲುಗಿದ್ದರೆ ಪಕ್ಕದಲ್ಲಿ ಚಪ್ಪಟೆ ಮೆಟ್ಟಿಲು ಮೂಡಿ ಅಕ್ಷರವೇ ಸಣ್ಣದಾಗುತ್ತದೆ. ಎರಡನೆಯದು ಮಾಮೂಲು, ಅದಕ್ಕೆ ಹೆಚ್ಚು ಕಾಸು ಕೊಡಬೇಡಿ.

ತಿರುಗಿದ ಅಚ್ಚು ಪತ್ತೆ ಮಾಡಲು ನಾಣ್ಯವನ್ನು ಪುಸ್ತಕದ ಹಾಳೆಯಂತೆ ಮಗುಚಿ. ಎರಡೂ ಬದಿ ನೆಟ್ಟಗಿರಬೇಕು. ಹಿಂಬದಿ ಕಣ್ಣಿಗೆ ಹೊಡೆಯುವಷ್ಟು ವಾಲಿದ್ದರೆ ತೆಗೆದಿಡಿ. ಎರಡು ಪೌಂಡಿನ ಅಂಚಿನ ಬರಹ ತಲೆಕೆಳಗಾಗಿದೆ ಎಂದು ಹೆಚ್ಚು ಬೆಲೆ ಕೇಳಿದರೆ ಮಾತ್ರ ಎದ್ದು ಬನ್ನಿ. ಆ ಬರಹವನ್ನು ಮುಖ ಹೊಡೆಯುವ ಮೊದಲೇ ಖಾಲಿ ಬಿಲ್ಲೆಯ ಅಂಚಿಗೆ ಒತ್ತುತ್ತಾರೆ. ಬಿಲ್ಲೆ ಯಂತ್ರಕ್ಕೆ ಯಾವ ಮಗ್ಗುಲಲ್ಲಿ ಬಿದ್ದರೂ ಸರಿ.

ವೈವಿಧ್ಯವೇ ಬೇಕೆಂದರೆ ನನ್ನ ಸಲಹೆ 1971ಕ್ಕಿಂತ ಹಿಂದಿನ ಹಳೆಯ ದೊಡ್ಡ ಪೆನ್ನಿ, 9.45 ಗ್ರಾಂನದು. 1912, 1918, 1919ರ ಇಸವಿಯ ಎಡಕ್ಕೆ ‘ಎಚ್’ ಇದ್ದರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. 1918, 1919ರಲ್ಲಿ ‘ಕೆಎನ್’ ಇದ್ದರೆ ಕಿಂಗ್ಸ್ ನಾರ್ಟನ್‌ನದು, ಹೆಚ್ಚು ಅಪರೂಪ. 1902ರದ್ದಾದರೆ ಹಿಂಬದಿಯಲ್ಲಿ ಕುಳಿತಿರುವ ಹೆಣ್ಣಿನ, ಅಂದರೆ ಬ್ರಿಟನ್ನಿನ ಪ್ರತೀಕ ಬ್ರಿಟಾನಿಯಾಳ, ಹಿಂದಿನ ಸಮುದ್ರದ ಗೆರೆ ನೋಡಿ. ಅವಳ ಕಾಲುಗಳು ಒಂದನ್ನೊಂದು ದಾಟುವ ಜಾಗಕ್ಕಿಂತ ಕೆಳಗಿದ್ದರೆ ಅದೇ ಸಂಗ್ರಾಹಕರ ‘ಲೋ ಟೈಡ್’, ಅಂದರೆ ಸಮುದ್ರ ಇಳಿದಂತೆ ಕಾಣುವ ಬಗೆ.

ಹುಣಸೆಹಣ್ಣು, ಪಾತ್ರೆ ತಿಕ್ಕುವ ಪುಡಿ ಮುಟ್ಟಿಸಿದರೆ ಬೆಲೆ ಅಲ್ಲೇ ಬಿದ್ದುಹೋಗುತ್ತದೆ. ಮೆತ್ತಗಿನ ಪಿವಿಸಿ ಜೇಬಿನ ಆಲ್ಬಮ್ಮೂ ಬೇಡ, ವರ್ಷಗಳಲ್ಲಿ ಹಸಿರು ಜಿಗುಟು ಹತ್ತುತ್ತದೆ. ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿ ಇರುವ ರಟ್ಟಿನ ಹೋಲ್ಡರ್ ಕೊಳ್ಳಿ. ನಾಣ್ಯ ಒಳಗಿಡುವ ಮೊದಲೇ ರಟ್ಟಿನ ಮೇಲೆ ತೂಕ, ಆಯಸ್ಕಾಂತಕ್ಕೆ ಅಂಟಿತೋ ಇಲ್ಲವೋ, ಎಲ್ಲಿ ಏನು ಕಂಡಿತು ಎಂದು ಬರೆದುಬಿಡಿ. ಒಳಗಿಟ್ಟ ಮೇಲೆ ಬರೆದರೆ ಪೆನ್ನಿನ ಒತ್ತು ನಾಣ್ಯಕ್ಕೂ ಬೀಳುತ್ತದೆ.