ಹಳೇ 20 ರೂಪಾಯಿ ನೋಟಿನ ಆ ಜಾಗ ನೋಡಬೇಕೇ? ಹೀಗೆ ಹೋಗಿ

ಅಂಡಮಾನಿಗೆ ಬ್ಯಾಗ್ ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಹಳೆಯ ಕೆಂಪು ಬಣ್ಣದ 20 ರೂಪಾಯಿ ನೋಟೊಂದನ್ನು ಹುಡುಕಿ ಇಟ್ಟುಕೊಳ್ಳಿ. 2019ರಲ್ಲಿ ಬಂದ ಹಳದಿ-ಹಸಿರು ನೋಟು ಆಗುವುದಿಲ್ಲ, ಅದರ ಬೆನ್ನಿಗೆ ಎಲ್ಲೋರ ಇದೆ. ಹಳೆಯದನ್ನು ತಿರುಗಿಸಿದರೆ ತೆಂಗಿನ ಮರ, ಕಡಲು, ದೂರದಲ್ಲಿ ಬೆಂಕಿಕಡ್ಡಿಯಷ್ಟು ಲೈಟ್‌ಹೌಸ್. ಅದೇ ಪೋರ್ಟ್ ಬ್ಲೇರ್ ಎದುರಿನ ನಾರ್ತ್ ಬೇ.

ಅಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ನಾವೂ ಮೊದಲ ಸಲ ಮಾಡಿದೆವು. ಬೋಟಿನಲ್ಲಿ ನಾರ್ತ್ ಬೇಗೆ ಹೋಗಿ, ಮರಳಿನಲ್ಲಿ ನಿಂತು, ನೋಟನ್ನು ಹಿಂದೆ ಮುಂದೆ ಆಡಿಸಿದ್ದೇ ಆಡಿಸಿದ್ದು. ಎಲ್ಲೂ ಹೊಂದಲಿಲ್ಲ. ಹೊಂದುವುದಾದರೂ ಹೇಗೆ? ಚಿತ್ರದಲ್ಲಿರುವುದು ನಾರ್ತ್ ಬೇ, ಆದರೆ ಆ ನೋಟ ಕಾಣುವುದು ಪಕ್ಕದ ಬೆಟ್ಟದ ಮೇಲಿನಿಂದ! ಹಾಗಾಗಿ ಎರಡು ಬೆಳಗ್ಗೆ ತೆಗೆದಿಡಿ. ಒಂದು ಲೈಟ್‌ಹೌಸಿಗೆ, ಒಂದು ಬೆಟ್ಟಕ್ಕೆ. ಒಂದೇ ದಿನದಲ್ಲಿ ಎರಡನ್ನೂ ಮುಗಿಸುತ್ತೇವೆಂದು ಹೊರಟರೆ ಎರಡೂ ಅರ್ಧಂಬರ್ಧ.

ನವೆಂಬರಿನಿಂದ ಏಪ್ರಿಲ್ ಒಳಗೆ ಹೋದರೆ ಒಳ್ಳೆಯದು. ಮಳೆಗಾಲದಲ್ಲಿ ಕಡಲು ಕೆರಳಿದರೆ ಬೋಟು ಬಿಡುವುದಿಲ್ಲ. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. ಬಾಯಿಮಾತಿನಲ್ಲಿ ಹಳೆಯ ಹೆಸರೂ ನಡೆಯುತ್ತದೆ.

ಮೊದಲ ಬೆಳಗ್ಗೆ: ಲೈಟ್‌ಹೌಸ್

ಅಬರ್ಡೀನ್ ಜೆಟ್ಟಿಯ ಪಕ್ಕ ರಾಜೀವ್ ಗಾಂಧಿ ವಾಟರ್ ಸ್ಪೋರ್ಟ್ಸ್ ಕಾಂಪ್ಲೆಕ್ಸ್ ಇದೆ. ನಾರ್ತ್ ಬೇ ಬೋಟು ಅಲ್ಲಿಂದಲೇ. ಬೆಳಗಿನ ಮೊದಲ ಬೋಟುಗಳನ್ನೇ ಹಿಡಿಯಿರಿ. ಎಲ್ಲರೂ 'ನಾರ್ತ್ ಬೇ ಐಲ್ಯಾಂಡ್' ಅನ್ನುತ್ತಾರೆ, ಟಿಕೆಟ್ ಮಾರುವವರೂ ಹಾಗೇ ಕೂಗುತ್ತಾರೆ. ನಿಜಕ್ಕೂ ಅದು ಬೇರೆ ದ್ವೀಪವಲ್ಲ, ದಕ್ಷಿಣ ಅಂಡಮಾನಿನದೇ ಒಂದು ಮೂಲೆ. ಪ್ರವಾಸಿಗರು ನೀರಿನ ಮೇಲೆ ಹೋಗುವುದರಿಂದ ದ್ವೀಪ ಎಂದು ಹೆಸರಾಗಿದೆ, ಅಷ್ಟೇ.

ಇಳಿದ ಕೂಡಲೇ ಸ್ಕೂಬಾ, ಸೀ ವಾಕ್, ಗಾಜಿನ ತಳದ ಬೋಟು ಎಂದು ಸುತ್ತುವರಿಯುತ್ತಾರೆ. ಹವಳ ನೋಡುವ ಆಸೆಯಿದ್ದರೆ ಖಂಡಿತ ನೋಡಿ, ಆದರೆ ಲೈಟ್‌ಹೌಸ್ ಮೊದಲು. ಬೋಟಿನವರು ಕೊಡುವುದು ಲೆಕ್ಕದ ಸಮಯ. ಹತ್ತಲು ಬಿಡುತ್ತಾರಾ, ಎಷ್ಟು ಹೊತ್ತಿಗೆ ಎಂದು ಜೆಟ್ಟಿಯಲ್ಲೇ ಕೇಳಿಕೊಳ್ಳಿ. ನಾವು ಸ್ಕೂಬಾ ಸರದಿಯಲ್ಲಿ ನಿಂತು ನಿಂತು, ಕೊನೆಗೆ ಲೈಟ್‌ಹೌಸಿನ ದಾರಿ ಹಿಡಿಯುವ ಹೊತ್ತಿಗೆ ಬೋಟಿನವನ ಸೀಟಿ ಕೇಳಿಸಿತು. ಓಡಿ ಬಂದೆವು.

ಎರಡನೇ ಬೆಳಗ್ಗೆ: ಬೆಟ್ಟ

ಇದು ಮೌಂಟ್ ಹ್ಯಾರಿಯೆಟ್. 1860ರ ದಶಕದಲ್ಲಿ ಇಲ್ಲಿನ ಕೈದಿಗಳ ವಸಾಹತಿಗೆ ಮುಖ್ಯಸ್ಥನಾಗಿದ್ದ ಟೈಟ್ಲರ್‌ನ ಹೆಂಡತಿಯ ಹೆಸರು ಅದು. 1891ರ ಯುದ್ಧದ ನಂತರ ಬ್ರಿಟಿಷರು ಮಣಿಪುರದ ರಾಜ ಕುಲಚಂದ್ರ ಮತ್ತು ಅವನ ಕಡೆಯವರನ್ನು ಅಂಡಮಾನಿಗೆ ಗಡೀಪಾರು ಮಾಡಿದರು. ಅವರ ನೆನಪಿಗೆ 2021ರಲ್ಲಿ ಬೆಟ್ಟಕ್ಕೆ ಮೌಂಟ್ ಮಣಿಪುರ ಎಂದು ಹೆಸರಿಟ್ಟರು. ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನ.

ಚಾಥಮ್ ಜೆಟ್ಟಿಯಿಂದ ಬಾಂಬೂಫ್ಲ್ಯಾಟ್‌ಗೆ ಫೆರ್ರಿ ಇದೆ. ಬೈಕು, ಕಾರು ಎಲ್ಲವನ್ನೂ ಹತ್ತಿಸುತ್ತಾರೆ. ರಸ್ತೆ ಸುತ್ತಿಕೊಂಡು ಹೋದರೆ ದೂರ ಜಾಸ್ತಿ, ಈ ದಾರಿಯೇ ಹಗುರ. ಆಚೆ ಇಳಿದ ಮೇಲೆ ಏರುದಾರಿ, ಮಧ್ಯೆ ಅರಣ್ಯ ಇಲಾಖೆಯ ಗೇಟು. ಗುರುತಿನ ಚೀಟಿ, ಚಿಲ್ಲರೆ ಕೈಯಲ್ಲಿರಲಿ. ವಾರದ ರಜೆ ಯಾವತ್ತು ಎಂದು ಹೋಟೆಲಿನಲ್ಲಿ ಹಿಂದಿನ ದಿನವೇ ವಿಚಾರಿಸಿ.

ಡ್ರೈವರ್‌ಗೆ 'ಬೀಸ್ ರುಪಯೇ ಕಾ ನೋಟ್' ಎಂದರೆ ಸಾಕು, ನಿಲ್ಲಿಸಬೇಕಾದ ತಿರುವು ಅವರಿಗೆ ಗೊತ್ತು. ಈಗ ನೋಟು ತೆಗೆಯಿರಿ. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ. ಮೊದಲು ದಂಡೆಯ ಬಾಗು ಹೊಂದಿಸಿ, ಆಮೇಲೆ ಲೈಟ್‌ಹೌಸ್. ಗಾಳಿಗೆ ನೋಟು ಪಟಪಟ ಅನ್ನುತ್ತದೆ, ಎರಡೂ ಅಂಚು ಹಿಡಿದುಕೊಳ್ಳಿ. ಮರಗಳು ಮಾತ್ರ ಚಿತ್ರದ ಹಾಗೇ ಇರುವುದಿಲ್ಲ. ಅವೇನು ನೋಟಿನಲ್ಲಿರುವಷ್ಟೇ ಎತ್ತರಕ್ಕೆ ನಿಲ್ಲುತ್ತವಾ?

ಮೇಲಿನಿಂದ ಕಾಳಾಪತ್ಥರ್ ಎಂಬ ಬಂಡೆಯವರೆಗೆ ಕಾಡಿನ ಕಾಲುದಾರಿಯಿದೆ. ಪಡೌಕ್ ಎಂಬ ಅಂಡಮಾನಿನ ಹೆಸರಾಂತ ಮರವನ್ನು ತೋರಿಸಿ ಎಂದು ಸಿಬ್ಬಂದಿಯನ್ನು ಕೇಳಿ. ಕಾಂಡಗಳ ಮೇಲೆ ಕಣ್ಣಿಡಿ. ಎಳೇ ಬಾಳೆಲೆ ಬಣ್ಣದ ಹಲ್ಲಿಯೊಂದು ಹಾಡುಹಗಲೇ ಓಡಾಡುತ್ತದೆ, ಬೆನ್ನ ಮೇಲೆ ಕೆಂಪು ಗುರುತು. ನಮ್ಮ ಗೋಡೆಯ ಹಲ್ಲಿಯ ಹಾಗೆ ರಾತ್ರಿಯದಲ್ಲ. ಇದರ ಹತ್ತಿರದ ನೆಂಟರು ಇರುವುದು ದೂರದ ಮಡಗಾಸ್ಕರ್ ಕಡೆ! ನೆಲ ಒದ್ದೆಯಿದ್ದರೆ ಉಂಬಳ ಹತ್ತುತ್ತವೆ. ಮಲೆನಾಡಿನವರಿಗೆ ಹೇಳುವುದೇನಿದೆ, ಉಳಿದವರು ಒಂದು ಪೊಟ್ಟಣ ಉಪ್ಪು ಇಟ್ಟುಕೊಳ್ಳಿ.

ಇನ್ನು ವಾಪಸಾಗುವ ಹೊತ್ತು. ಇಲ್ಲಿ ಸೂರ್ಯ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು ಕವಿಯಲು ಶುರು. 1872ರ ಫೆಬ್ರುವರಿ 8ರಂದು ವೈಸರಾಯ್ ಲಾರ್ಡ್ ಮೇಯೋ ಸೂರ್ಯಾಸ್ತ ನೋಡಲೆಂದೇ ಈ ಬೆಟ್ಟ ಹತ್ತಿದ್ದ. ಇಳಿದು ಬರುವಷ್ಟರಲ್ಲಿ ಕತ್ತಲು. ಕೆಳಗಿನ ಹೋಪ್‌ಟೌನ್ ಜೆಟ್ಟಿಯಲ್ಲಿ ಶೇರ್ ಅಲಿ ಎಂಬ ಕೈದಿ ಅವನನ್ನು ಇರಿದು ಕೊಂದ. ಅಧಿಕಾರದಲ್ಲಿದ್ದಾಗಲೇ ಕೊಲೆಯಾದ ವೈಸರಾಯ್ ಅವನೊಬ್ಬನೇ.

ನೀವು ಸೂರ್ಯಾಸ್ತದ ಆಸೆ ಬಿಟ್ಟು ಮಧ್ಯಾಹ್ನ ಮೂರರೊಳಗೆ ಇಳಿಯಲು ಶುರು ಮಾಡಿ. ಬಾಂಬೂಫ್ಲ್ಯಾಟ್ ಜೆಟ್ಟಿಯಲ್ಲಿ ಸಂಜೆ ಗಾಡಿಗಳ ಸಾಲು ಬೆಳೆಯುತ್ತದೆ. ಗಾಡಿಯನ್ನು ಸಾಲಿಗೆ ಹಚ್ಚಿ, ಆಮೇಲೆ ಚಹಾ ಕುಡಿಯಿರಿ. ಚಹಾದ ದುಡ್ಡಿಗೆ ಮಾತ್ರ ಬೇರೆ ನೋಟು ಕೊಡಿ.