ಮತ್ತೆ ಓದಲು, ಬೇರೆಯವರಿಗೆ ಕೊಡಲು

ಇಷ್ಟವಾದ ಕಾದಂಬರಿಯನ್ನು ಎರಡನೇ ಸಲ ಓದುವಾಗ ಒಂದೇ ಪಾತ್ರದ ಹಿಂದೆ ಹೋಗಿ ನೋಡಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಇದಕ್ಕೆ ತುಂಬಾ ಒಗ್ಗುತ್ತದೆ. ಮೊದಲ ಸಲ ಅಷ್ಟೊಂದು ಹೆಸರುಗಳ ನಡುವೆ ಯಾರು ಯಾರೆಂದು ಗುರುತಿಟ್ಟುಕೊಳ್ಳುವುದೇ ಆಗುತ್ತದೆ, ಅಲ್ವಾ? ಮತ್ತೆ ಓದುವಾಗ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಮೇಲೆ ಮಾತ್ರ ಕಣ್ಣಿಡಿ. ಕಾಡು, ಕತ್ತಲು, ಮಳೆ ಎಷ್ಟು ಹತ್ತಿರ ಬರುತ್ತವೆ ಅಂದರೆ, ಕಥೆ ಗೊತ್ತಿದ್ದರೂ ಪುಸ್ತಕ ಕೆಳಗಿಡಲು ಮನಸ್ಸು ಬರುವುದಿಲ್ಲ.

ಓದುವ ರೂಢಿ ಇಲ್ಲದವರಿಗೆ ಮಾತ್ರ ಇದನ್ನೇ ಮೊದಲು ಕೊಡಬೇಡಿ, ಗಾತ್ರ ನೋಡಿಯೇ ಹೆದರುತ್ತಾರೆ. ಅವರಿಗೆ ತೇಜಸ್ವಿಯವರ 'ಕರ್ವಾಲೊ' ಸರಿ. ಸಣ್ಣದು, ನಗಿಸುತ್ತದೆ, ಹಾರುವ ಓತಿಯ ಹುಡುಕಾಟ ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ. ಕೊಡುವಾಗ ಸುಮ್ನೆ ಕಥೆಯೆಲ್ಲ ಹೇಳಿಬಿಡಬೇಡಿ. ನಿಮಗೆ ಇಷ್ಟವಾದ ಒಂದು ಪುಟ ಜೋರಾಗಿ ಓದಿ, ಪುಸ್ತಕ ಅವರ ಕೈಗಿಡಿ.